ಮುಂದಿನ ಸೀಟಿನ ವೈನಿ

ಮೊನ್ನೆ ಅಟ್ಟದ ಸಾಮಾನು ಇಳಿಸುವಾಗ ಮನೆಯಲ್ಲಿ ಇದ್ದವರು ನಾನು, ನಮ್ಮ ಅತ್ತೆ ಇಬ್ಬರೇ. ಹಳೆಯ ಚೀಲವೊಂದರ ಬಾಯಿ ಬಿಚ್ಚಿದ್ದೇ ತಡ, ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. "ಏನ ಕಟ್ಟಿ ಇಟ್ಟೀಯವಾ ಇದರಾಗ? ಮೀನ ಸತ್ತಂಗ ನಾರತೈತಲ್ಲ!" ಒಳಗಿದ್ದದ್ದು ದೋಣಿಯಲ್ಲಿ ತೊಡುತ್ತಿದ್ದ ತೇಲುವ ಜಾಕೀಟು. ಆ ಹಿನ್ನೀರಿನ ವಾಸನೆಗೆ, ನರಗುಂದದಲ್ಲಿ ನಮ್ಮ ಮಗ್ಗಲ ಮನೆಯಲ್ಲಿದ್ದ, ಅತ್ತಿಗೆಯಂತಿದ್ದ ವೈನಿ ಎದುರು ಬಂದು ನಿಂತಂತಾಯಿತು…

ವೈನಿ ಅಲ್ಲಿನ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದರು. ಹೊಳೆದಂಡೆಯ ಊರಿನವರು, ನೀರೆಂದರೆ ಜೀವ. ಮಲಪ್ರಭೆಯ ಹಿನ್ನೀರಿನಲ್ಲಿ ಕಯಾಕ್ ಎಂಬ ಸಣ್ಣ ದೋಣಿ ನಡೆಸಲು ಕಲಿಸುತ್ತಾರೆಂದು ತಿಳಿದಾಗ, ಅಸೂಟಿಯ ಒಣಹೊಲದಲ್ಲಿ ಬೆಳೆದ ನನ್ನನ್ನೂ ಎಳೆದುಕೊಂಡು ಹೋದರು. ಇಬ್ಬರು ಕೂರುವ ದೋಣಿ. ಮುಂದೆ ಅವರು, ಹಿಂದೆ ನಾನು. ಮುಂದಿನವರು ಹುಟ್ಟು ಹಾಕಿದಂತೆ ಹಿಂದಿನವರೂ ಹಾಕಬೇಕು. ಅದು ನನಗೆ ಕಷ್ಟವಾಗಲಿಲ್ಲ. ಕೂರಿಗೆಯ ಹಿಂದೆ ಬೀಜ ಬಿಡುತ್ತ, ಎತ್ತಿನ ನಡಿಗೆಗೆ ಹೆಜ್ಜೆ ಹಾಕುತ್ತಿದ್ದ ಅವ್ವನ ಮಗಳು ನಾನು. ವೈನಿಯ ಜಡೆ ಎಡಕ್ಕೆ ಹೊರಳಿದರೆ ನನ್ನ ಹುಟ್ಟೂ ಎಡಕ್ಕೆ.

ಹಿನ್ನೀರನ್ನು ಆಚೆ ದಂಡೆಯವರೆಗೆ ದಾಟುವ ಪಂದ್ಯವೊಂದಕ್ಕೆ ಹೆಸರು ಕೊಟ್ಟೆವು. ಇನ್ನು ವಾರವಿದೆ ಎನ್ನುವಾಗ ವೈನಿ ಹಿತ್ತಲ ಗೋಡೆಯಾಚೆಯಿಂದ ಕರೆದರು. ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಸುರಾಗಿದ್ದರು. ದೋಣಿ ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು.

"ಹಂಗಾರ ನಾನೂ ಒಲ್ಲೆರಿ ವೈನಿ," ಎಂದೆ.

"ಹುಚ್ಚಿ! ಒಬ್ಬರು ಕುಂದರೋ ದೋಣಿ ಕೇಳಿ ಇಟ್ಟೀನಿ. ನೀ ಆಚಿ ದಂಡಿ ಮುಟ್ಟಿದ್ರ ನಾ ಮುಟ್ಟಿದಂಗ."

ಒಂಟಿ ದೋಣಿ ನನ್ನ ಮಾತೇ ಕೇಳಲಿಲ್ಲ. ಹುಟ್ಟೆತ್ತಿ, ಎದುರಿಗಿಲ್ಲದ ಜಡೆಗಾಗಿ ಕಾಯುತ್ತಿದ್ದೆ. ಅಷ್ಟರಲ್ಲಿ ದೋಣಿ ಗಾಣದೆತ್ತಿನಂತೆ ಸುತ್ತುತ್ತಿತ್ತು. ದಂಡೆಯಿಂದ ವೈನಿ ಕೂಗಿದರು: "ಯಾರ ಸಲುವಾಗಿ ಕಾಯಾಕತ್ತೀ? ಮುಂದ ಯಾರೂ ಇಲ್ಲವಾ! ನಿಮ್ಮಪ್ಪ ಗಳೇ ಹೊಡಿಯೂಮುಂದ ಎತ್ತಿನ ಬಾಲ ನೋಡತಿದ್ನೇನ? ಬದುವಿನ ಗಿಡ ನೋಡತಿದ್ದ. ಆಚಿ ದಂಡಿ ಜಾಲಿಗಿಡ ನೋಡು!"

ನೋಡಿದೆ. ದೋಣಿ ನೇಗಿಲಿನಂತೆ ನೆಟ್ಟಗೆ ಸಾಲು ಹಿಡಿಯಿತು.

ಪಂದ್ಯದ ದಿನ ಬಹಳ ಹಿಂದೆ ಬಿದ್ದೆ. ನಾನು ದಂಡೆ ಮುಟ್ಟುವಾಗ ಬಹುಮಾನ ಹಂಚಿ, ಕುರ್ಚಿ ಎತ್ತಿಡುತ್ತಿದ್ದರು. ವೈನಿ ಮಾತ್ರ ನೀರಿನಂಚಿಗೇ ನಿಂತಿದ್ದರು. ಟವೆಲ್ಲು ಹೊದಿಸಿ, "ಭಾಳ ಲಗೂ ಬಂದಿ ನೋಡು, ಇನ್ನೂ ಸೂರ್ಯಾ ಮುಳುಗಿಲ್ಲ," ಎಂದು ಛೇಡಿಸಿದವರು, ಮರುಕ್ಷಣ ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತರು.

ಹೆಣ್ಣುಮಗು ಹುಟ್ಟಿತು. ಅವರ ಯಜಮಾನರಿಗೆ ಬೀದರಿಗೆ ವರ್ಗವಾಯಿತು. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೊಮ್ಮೆ… ಇನ್ನೊಮ್ಮೆ ಜೋಡಿ ದೋಣಿ ಹತ್ತೋಣ ಎಂಬುದು ಮಾತಿನಲ್ಲೇ ಉಳಿಯಿತು. ಈಗಲೂ ನೀರು ಕಂಡಾಗ, ಹಿಂದಿನ ಸೀಟಿಗೇ ಹೋಗಿ ಕೂರುವ ಆಸೆ ನನಗೆ.

ಹೋದ ಮಾಗಿಯಲ್ಲಿ ವೈನಿ ಕಾಯಿಲೆಯಿಂದ ತೀರಿಕೊಂಡರು. ಬಸ್ಸು ಬದಲಿಸುತ್ತ ನಾನು ಬೀದರ್ ತಲುಪುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದಿತ್ತು. ಬಾಗಿಲಲ್ಲಿ ಅವರ ಮಗಳು ನಿಂತಿದ್ದಳು.

"ನೀವು ಯಾರ್ರಿ?"

"ನರಗುಂದದಾಗ ನಿಮ್ಮ ಮಗ್ಗಲ ಮನಿಯಾಕಿ ಇದ್ದೆವಾ," ಎಂದೆ.

ಹುಡುಗಿ ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ಕೊಟ್ಟಳು.