ಕುಂಕುಮ ಹಚ್ಚಿದ ಪೆನ್‌ಡ್ರೈವ್

‘ಅಳಿಸಲಾಗಿದೆ’ ಎಂಬ ಒಂದೇ ಪದದಿಂದ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡವರು ಮೂವರು. ಯಾರು ಅಳಿಸಿದರು, ಹೇಗೆ ಅಳಿಸಿದರು ಎಂದು ಪರಿಶೀಲಿಸದೆ ಲಿಖಿತ ವರದಿ ಕೊಟ್ಟ ನಮ್ಮ ಸಂಸ್ಥೆ ಮೊದಲನೆಯದು. ಆ ವರದಿಯನ್ನು ತೀರ್ಪೆಂದು ಓದಿಕೊಂಡ, ಗೋವಾದ ದಾಬೋಲಿಮ್‌ನ ಒಂದು ವಸತಿ ಸಂಕೀರ್ಣದ ಆಡಳಿತ ಸಮಿತಿ ಎರಡನೆಯದು. ಮೂರನೆಯವಳು, ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ನಾನು.

ಕಳೆದ ವರ್ಷ ಇದು ನಡೆದಾಗ ವಾಸ್ಕೋದ ಒಂದು ಸಿಸಿ ಕ್ಯಾಮೆರಾ ಸಂಸ್ಥೆಯಲ್ಲಿ ಟೆಕ್ನಿಷಿಯನ್ ಆಗಿ ನಾನು ಎರಡು ವರ್ಷ ಮುಗಿಸಿದ್ದೆ. ವಿಜಯಪುರದ ಕಡೆಯಿಂದ ಬಂದ ಅಪ್ಪ ಇಲ್ಲಿನ ಬಂದರಿನಲ್ಲಿ ಮೂಟೆ ಹೊತ್ತು ನನ್ನನ್ನು ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಓದಿಸಿದ್ದ. ನನ್ನೊಂದಿಗೇ ಕೆಲಸಕ್ಕೆ ಸೇರಿದ ಗಿರೀಶ ಬೈಲಹೊಂಗಲದವನು, ಓದಿದ್ದು ಡಿಪ್ಲೊಮಾ. ಸೀನಿಯರ್ ಹುದ್ದೆ ಖಾಲಿಯಾದಾಗ ಅದು ಹೋದದ್ದು ಅವನಿಗೆ.

ಅಂದಿನಿಂದ ಅವನ ಪ್ರತಿಯೊಂದು ಚಲನೆಯೂ ನನ್ನನ್ನು ಸುಟ್ಟಿತು. ನಾನು ಯಾರ ಮನೆಗೆ ಹೋದರೂ ಅವರು ನನ್ನ ಬೆನ್ನ ಹಿಂದೆ ಇಣುಕಿ, “ಗಿರೀಶ ಬರಲಿಲ್ಲೇನು?” ಎನ್ನುತ್ತಿದ್ದರು. ಕೊಂಕಣಿಯವರೊಡನೆ ಅವನು ಕೊಂಕಣಿಯವನೇ ಆಗಿಬಿಡುತ್ತಿದ್ದ. ನನ್ನನ್ನು ಕಂಡರೆ ಗೇಟು ಹಾರುವಂತೆ ಬೊಗಳುವ ನಾಯಿಗಳು ಅವನ ಕೈ ನೆಕ್ಕುತ್ತಿದ್ದವು. ನಾನು ಅವನ ಯಶಸ್ಸನ್ನು ಎಣಿಸುವುದನ್ನು ಬಿಟ್ಟು ಅವನ ತಪ್ಪುಗಳನ್ನು ಹುಡುಕತೊಡಗಿದೆ.

ಅಂಥ ಒಂದು ತಪ್ಪು ಸಿಕ್ಕಿದ್ದು ದಾಬೋಲಿಮ್‌ನ ಆ ಸಂಕೀರ್ಣದಲ್ಲಿದ್ದ ದೇಸಾಯಿ ಬಾಯಿಯವರ ಮನೆಯಲ್ಲಿ. ಬೆಳಗಾವಿ ಕಡೆಯ ಗುತ್ತಿಗೆದಾರರ ಮನೆತನದ ಈ ಹಿರಿಯ ವಿಧವೆ ಮನೆಗೆ ಮೂರು ಕ್ಯಾಮೆರಾ ಹಾಕಿಸಿದರು. ತಿಂಗಳ ಬಾಡಿಗೆಯ ಇಂಟರ್ನೆಟ್ ಸಂಗ್ರಹ ಅವರಿಗೆ ಬೇಕಿರಲಿಲ್ಲ. ಆದ್ದರಿಂದ ವೈಫೈ ರೌಟರಿನ ಹಿಂಬದಿಗೆ 128 ಜಿಬಿಯ ಪೆನ್‌ಡ್ರೈವ್ ಸಿಕ್ಕಿಸಿ, ದೃಶ್ಯಗಳು ಅಲ್ಲಿಗೇ ಬಂದು ಕೂರುವಂತೆ ಗಿರೀಶ ಜೋಡಿಸಿದ. ಪ್ರತಿ ದಿನಕ್ಕೊಂದು ಫೋಲ್ಡರ್. ಅದರ ಹೆಸರು ಆ ದಿನದ ದಿನಾಂಕ. ಸುಮಾರು ಮೂರು ವಾರಕ್ಕೆ ಡ್ರೈವ್ ತುಂಬುತ್ತದೆ. ಆಮೇಲೆ ಹೊಸ ದೃಶ್ಯಕ್ಕೆ ಜಾಗ ಮಾಡಲು ಎಲ್ಲಕ್ಕಿಂತ ಹಳೆಯ ದಿನಾಂಕದ ದೃಶ್ಯ ತಾನಾಗಿ ಅಳಿಯುತ್ತದೆ. ಇದಕ್ಕೆ ಲೂಪ್ ರೆಕಾರ್ಡಿಂಗ್ ಎನ್ನುತ್ತೇವೆ.

ಸಹಾಯಕ್ಕೆ ಹೋಗಿದ್ದ ನಾನು ಒಂದು ಕೊರತೆ ಗಮನಿಸಿದೆ. ಈ ಅಗ್ಗದ ಕ್ಯಾಮೆರಾಗಳಿಗೆ ಗಡಿಯಾರದ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದರೆ ಅವು ಇಂಟರ್ನೆಟ್ಟನ್ನು ಕೇಳಿ ಸಮಯ ತಿಳಿದುಕೊಳ್ಳುತ್ತವೆ. ಇಂಟರ್ನೆಟ್ ಇಲ್ಲದಿದ್ದರೆ ಅವುಗಳ ಪಾಲಿಗೆ ಅದು 1970ರ ಜನವರಿ 1, ಬೆಳಗಿನ ಐದೂವರೆ; ಇಂಥ ಯಂತ್ರಗಳ ಗಡಿಯಾರದ ಎಣಿಕೆ ಶುರುವಾಗುವುದೇ ಆ ಕ್ಷಣದಿಂದ. ಚಿಕ್ಕ ಯುಪಿಎಸ್ ಹಾಕಬೇಕಿತ್ತು, ಇಲ್ಲವೇ ಮನೆಯವರಿಗೆ ಒಂದು ಮಾತು ಬರೆದುಕೊಡಬೇಕಿತ್ತು. ಗಿರೀಶ ಎರಡನ್ನೂ ಮಾಡಲಿಲ್ಲ. ನಾನು ನೋಡಿದೆ, ಸುಮ್ಮನಿದ್ದೆ. ಎಂದಾದರೂ ಒಂದು ದಿನ ಅವನು ಎಲ್ಲರೆದುರು ಸಿಕ್ಕಿಬೀಳಲಿ ಎಂದು.

ಹತ್ತು ದಿನಕ್ಕೆ ಮಹಾನವಮಿ. ದೇಸಾಯಿ ಬಾಯಿ ಹಿಂದಿನ ದಿನವೇ ತವರಿಗೆ ಹೊರಟರು. ಅಡುಗೆಯ ರೇಣುಕವ್ವ ಇಂಡಿ ಕಡೆಯವಳು. ಅವಳ ಕೈಗೆ ಕೀಲಿ ಕೊಟ್ಟು, ಖಂಡೆ ಪೂಜೆಯನ್ನು ತಪ್ಪದೆ ಮಾಡು ಎಂದರು. ನಮ್ಮ ಕಡೆ ಅಂದು ದುಡಿಯುವ ಪ್ರತಿಯೊಂದು ವಸ್ತುವಿಗೂ ಬಿಡುವು, ಪೂಜೆ. ರೇಣುಕವ್ವ ಮಿಕ್ಸರಿನ ಜೊತೆಗೆ ರೌಟರ್ ಮತ್ತು ಕ್ಯಾಮೆರಾಗಳ ಸ್ವಿಚ್ಚನ್ನೂ ಆರಿಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಆರತಿಯಾದ ಮೇಲೆ ಮತ್ತೆ ಹಾಕಿದಳು. ರಸ್ತೆ ಅಗೆದವರು ಕೇಬಲ್ ಕಡಿದಿದ್ದರಿಂದ ಆ ಎರಡು ದಿನ ಆ ಸಾಲಿನ ಮನೆಗಳಿಗೆ ಇಂಟರ್ನೆಟ್ ಇರಲಿಲ್ಲ.

ಮರಳಿ ಬಂದ ದೇಸಾಯಿ ಬಾಯಿಗೆ ಕಪಾಟಿನಲ್ಲಿ ಚಿನ್ನದ ಗುಂಡಿನ ಬೋರಮಾಳ ಸರ ಕಾಣಲಿಲ್ಲ. ಗಿರೀಶನನ್ನು ಕರೆಸಿದರು. ನವಮಿಯ ಫೋಲ್ಡರ್ ಪೂಜೆಯ ಹೊತ್ತಿಗೆ ನಿಂತುಹೋಗಿತ್ತು, ದಶಮಿಯದು ಇರಲೇ ಇಲ್ಲ. ಪೆನ್‌ಡ್ರೈವಿನ ಮೇಲೆ ಕುಂಕುಮದ ಬೆರಳ ಗುರುತಿತ್ತು. ಅವನು ಬರೆದ: ‘ಉಪಕರಣವನ್ನು ಮುಟ್ಟಿ ಎರಡು ದಿನದ ದೃಶ್ಯಗಳನ್ನು ಅಳಿಸಲಾಗಿದೆ.’ ಸಂಸ್ಥೆ ಮುದ್ರೆ ಒತ್ತಿತು. ಸಮಿತಿ ರೇಣುಕವ್ವನ ಗೇಟ್ ಪಾಸ್ ರದ್ದು ಮಾಡಿತು. ಅದೇ ಸಂಕೀರ್ಣದ ಇನ್ನೂ ಮೂರು ಮನೆಗಳ ಕೆಲಸವೂ ಅದರೊಂದಿಗೆ ಹೋಯಿತು.

ವರದಿಯ ಪ್ರತಿ ಓದಿದ ಕ್ಷಣವೇ ನನಗೆ ಅರ್ಥವಾಗಿತ್ತು: ಆ ಎರಡು ದಿನದ ದೃಶ್ಯಗಳು ಅಳಿದಿಲ್ಲ, 1970ರ ದಿನಾಂಕದಡಿ ಕೂತಿವೆ. ಆದರೂ ತಡೆದೆ. ವಿಷಯ ಪೊಲೀಸರವರೆಗೆ ಹೋಗಲಿ, ಆಗ ನಾನು ಎದ್ದು ನಿಂತು ಹೇಳುತ್ತೇನೆ. ಸೀನಿಯರ್ ಯಾರು ಎಂಬುದು ಆಗ ತಿಳಿಯುತ್ತದೆ ಎಂದುಕೊಂಡೆ. ಹೀಗೆ ಹತ್ತು ದಿನ ನನ್ನ ಗೆಲುವಿನ ಮಾತುಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತೆ.

ಹತ್ತನೆಯ ದಿನ ರೇಣುಕವ್ವ ನಮ್ಮ ಕಚೇರಿಗೆ ಬಂದು ಬಾಗಿಲಲ್ಲೇ ನಿಂತಳು.

“ತಂಗಿ, ನಿಮ್ಮ ಮಷೀನಿಗೆ ನಾ ಏನ್ ಕೆಟ್ಟ ಮಾಡಿದ್ನೆವ್ವಾ? ಕುಂಕುಮ ಹಚ್ಚಿ ಕೈ ಮುಗದೇನಿ. ಈಗ ಅದ ನನ್ನ ಮ್ಯಾಲೆ ಸಾಕ್ಷಿ ಹೇಳಾಕತ್ತೈತಿ.”

“ಒಳಗ ಬರ್ರಿ ಅಕ್ಕಾರ, ಕುಂದರ್ರಿ.”

“ಕುಂದರಾಕ ಬಂದಿಲ್ಲ. ಮನಿಯಾಗ ಕುಂತು ಕುಂತು ಸಾಕಾಗೇತಿ.” ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು. “ಆ ಗಿರೀಶಪ್ಪನ ಮ್ಯಾಲೆ ನನಗ ಸಿಟ್ಟಿಲ್ಲ. ಪಾಪ, ಭಾಳ ಚಲೋ ಹುಡುಗ. ಕಂಡದ್ದ ಬರದಾನ.”

ಅನ್ನ ಕಳೆದುಕೊಂಡವಳೂ ಅವನನ್ನೇ ಹೊಗಳುತ್ತಿದ್ದಳು! ಆ ಸ್ಥಿತಿಯಲ್ಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಮರುಕ್ಷಣ ಇನ್ನೊಂದು ಲೆಕ್ಕ ತಲೆಗೆ ಬಂತು. ಕ್ಯಾಮೆರಾ ಹಾಕಿ ಮೂರು ವಾರ ದಾಟಿತ್ತು. ಡ್ರೈವ್ ತುಂಬಿರಬೇಕು. ಲೂಪ್ ಎಲ್ಲಕ್ಕಿಂತ ಹಳೆಯದನ್ನು ಮೊದಲು ತಿನ್ನುತ್ತದೆ. 1970ಕ್ಕಿಂತ ಹಳೆಯದು ಆ ಡ್ರೈವಿನಲ್ಲಿ ಇನ್ನಾವುದಿದ್ದೀತು?

ರೇಣುಕವ್ವನನ್ನು ಕರೆದುಕೊಂಡು ದೇಸಾಯಿ ಬಾಯಿಯವರ ಮನೆಗೆ ಹೊರಟೆ. ಪಾಸ್ ಇಲ್ಲದ್ದರಿಂದ ಅವಳು ಗೇಟಿನ ಹೊರಗೇ ಉಳಿದಳು. ನಾನು ಒಳಗೆ ಹೋಗಿ ಲ್ಯಾಪ್‌ಟಾಪ್ ಜೋಡಿಸಿದೆ. ಪಟ್ಟಿಯ ತುದಿಯಲ್ಲಿ 1970ರ ಜನವರಿ 2 ಇತ್ತು. ಜನವರಿ 1 ಇರಲಿಲ್ಲ. ಕ್ಯಾಮೆರಾದ ಲಾಗ್, ಅಂದರೆ ಯಂತ್ರವೇ ಬರೆದಿಟ್ಟುಕೊಳ್ಳುವ ದಿನಚರಿ, ತೆರೆದೆ. ಹಿಂದಿನ ದಿನ ಬೆಳಗಿನ ಜಾವದಿಂದ ರಾತ್ರಿಯವರೆಗೆ ಲೂಪ್ ಆ ದಿನವನ್ನು ತುಂಡು ತುಂಡಾಗಿ ಅಳಿಸಿತ್ತು. ಗಿರೀಶ ವರದಿ ಬರೆದ ದಿನ ಅದು ಅಲ್ಲೇ ಇತ್ತು. ನಾನು ಒಂದೇ ಒಂದು ದಿನ ಮೊದಲು ಬಂದಿದ್ದರೂ ಸಿಗುತ್ತಿತ್ತು.

ಉಳಿದಿದ್ದ ಜನವರಿ 2ನ್ನು ದೇಸಾಯಿ ಬಾಯಿಗೆ ತೋರಿಸಿದೆ. ರೇಣುಕವ್ವ ಹೊಸ ಸೀರೆಯುಟ್ಟು ಬರುತ್ತಾಳೆ. ದೇವರ ಗೂಡಿನ ಮುಂದೆ ಒಂದು ಹಿಡಿ ಬನ್ನಿ ಎಲೆ ಇಟ್ಟು, ಕೈ ಮುಗಿದು, ಬಾಗಿಲು ಹಾಕಿಕೊಂಡು ಹೋಗುತ್ತಾಳೆ. ಬನ್ನಿಯನ್ನು ಬಂಗಾರವೆಂದು ಕೊಡುವುದು ದಸರೆಯ ದಿನ ಮಾತ್ರ. ಅದು ಯಾವ ದಿನದ ದೃಶ್ಯ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಬಾಯಿ ಪರದೆಯ ಮೇಲಿನ ಎಲೆಗಳಿಗೆ ಬೆರಳು ತೋರಿದರು. “ಆ ಎಲಿ ಒಣಗಿದ್ವು ಅಂತ ನಾನ ಒಗದೆ,” ಎಂದರು. ಆಮೇಲೆ, “ಇದು ಹಬ್ಬದ ದಿನದ್ದಾತು. ನವಮಿದು ತೋರಸು.”

“ಅದು ಇಲ್ರಿ ಬಾಯಾರ. ನಿನ್ನೆ ಅಳದೈತಿ.”

“ಅಂದ್ರ ಗಿರೀಶ ಬರದದ್ದು ಖರೇನ ಆತಲ್ಲ?”

ಸುಳ್ಳಾಗಿದ್ದ ವರದಿ ನಿಜವಾಗಿತ್ತು. ಅದನ್ನು ನಿಜ ಮಾಡಿದ್ದು ನನ್ನ ಹತ್ತು ದಿನ.

ಗಿರೀಶನಿಗೆ ಎಲ್ಲವನ್ನೂ ಹೇಳಿದೆ. ಅವನು ಕೂಗಾಡಲಿಲ್ಲ. “ಆ ಎಪ್ಪತ್ತರ ಫೋಲ್ಡರ್ ನಾನೂ ನೋಡೀನಿ. ಕಸ ಅಂದ್ಕೊಂಡೆ, ತಪ್ಪು ನಂದ,” ಎಂದ. ಆಮೇಲೆ, “ನಿನಗ ಗೊತ್ತಿತ್ತು. ಒಂದ್ ಮಾತ ಅಂದಿದ್ರ ಬಾಯಿ ಬಿದ್ದ ಹೋಗತಿತ್ತೇನ?” ಎಂದ. ಅವನಿಗಿಂತ ಎರಡು ಪದವಿ ಹೆಚ್ಚು ಓದಿದ್ದ ನಾನು ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದೆ.

ವರದಿ ತಿದ್ದಬೇಕೆಂದು ನಾವಿಬ್ಬರೂ ಸಹಿ ಮಾಡಿ ಬರೆದುಕೊಟ್ಟೆವು. ಒಮ್ಮೆ ಮುದ್ರೆ ಬಿದ್ದದ್ದನ್ನು ತಿದ್ದಿದರೆ ಗ್ರಾಹಕರ ನಂಬಿಕೆ ಹೋಗುತ್ತದೆ ಎಂದಿತು ಸಂಸ್ಥೆ. ತಿದ್ದಿದ ವರದಿ ಬರಲಿ, ನೋಡೋಣ ಎಂದಿತು ಸಮಿತಿ. ಸರ ಈವರೆಗೆ ಸಿಕ್ಕಿಲ್ಲ. ರೇಣುಕವ್ವ ಈಗ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ನಾನು ಆ ಸಂಸ್ಥೆ ಬಿಟ್ಟಿದ್ದೇನೆ. ಸಾಕ್ಷ್ಯಕ್ಕೂ ಆಯುಷ್ಯವಿದೆ, ಗೊತ್ತಿದ್ದವರು ಸುಮ್ಮನಿದ್ದಷ್ಟು ಹೊತ್ತೂ ಅದು ಸವೆಯುತ್ತಿರುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಆದರೆ ಆ ಪಾಠದ ಬೆಲೆ ತೆತ್ತವಳು ನಾನಲ್ಲ.

ಆದಕಾರಣ ಸಂಸ್ಥೆಯ ವ್ಯವಸ್ಥಾಪಕರನ್ನೂ ಸಮಿತಿಯ ಪದಾಧಿಕಾರಿಗಳನ್ನೂ ಈ ಬರಹದ ಮೂಲಕ ಕೇಳಿಕೊಳ್ಳುತ್ತೇನೆ. ದೃಶ್ಯ ಅಳಿಸಿದ್ದು ಮನುಷ್ಯರ ಕೈಯಲ್ಲ, ನಾವು ಅಳವಡಿಸಿದ ವ್ಯವಸ್ಥೆ ಎಂದು ಲಾಗ್ ಸಹಿತ ತಿದ್ದಿದ ವರದಿಯನ್ನು ಹೊರಡಿಸಬೇಕು. ಗೊತ್ತಿದ್ದೂ ಹೇಳದವಳೆಂದು ನನ್ನ ಹೆಸರನ್ನು ಅದರಲ್ಲಿ ನಮೂದಿಸಬೇಕು. ರೇಣುಕವ್ವನ ಗೇಟ್ ಪಾಸನ್ನು ಮರಳಿಸಿ, ಆಕೆಗೆ ಲಿಖಿತ ಕ್ಷಮಾಪಣೆ ಸಲ್ಲಿಸಬೇಕು. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಏಕೆ ಮಾಡುವುದಿಲ್ಲ ಎಂಬುದಕ್ಕೆ ಹದಿನೈದು ದಿನಗಳೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕೆಂದು ಕೋರುತ್ತೇನೆ. ಉತ್ತರವನ್ನು ನನಗೆ ಕಳಿಸಬೇಡಿ; ಅವಳಿಗೆ ಕಳಿಸಿ.