ಎದುರು ಹೋಟೆಲಿಗೆ ಹೋದ ಪಾತ್ರೆ

ಅಪ್ಪನ ಹೋಟೆಲ್ ಲೈನ್ ಬೇಡವೆಂದು ಗೆರೆ ಎಳೆಯುವ ಲೈನ್ ಹಿಡಿದವರು ಘಣಸೋಲಿಯ ಲೀಲಾಧರ. ಇಪ್ಪತ್ತೆರಡು ವರ್ಷಗಳಿಂದ ಕಾರ್ಟೂನು ಬೊಂಬೆಗಳ ಕೈಕಾಲು ಆಡಿಸುತ್ತ ಬಂದಿದ್ದರೂ ಪರದೆಯ ಮೇಲೆ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ. ಕಳಂಬೋಲಿಯ ಉಕ್ಕು ವ್ಯಾಪಾರಿಗಳ ಸಂಘವೊಂದು ತಾನು ಮಾಡಿಸುವ ಕಾರ್ಟೂನಿನಲ್ಲಿ ಅವರ ಹೆಸರು ಹಾಕಿಸಲು ಒಪ್ಪಿದಾಗ, ಉಳಿದ ಷರತ್ತುಗಳನ್ನು ಅವರು ಓದಲೇ ಇಲ್ಲ.

ಸಂಘದ ಅಧ್ಯಕ್ಷ ಪೃಥ್ವಿರಾಜ್ ಅವರಿಗೆ ಎಲ್ಲಿಂದಲೋ ಹಳೆಯ ಅಮೆರಿಕನ್ ಕಾರ್ಟೂನುಗಳು ಸಿಕ್ಕಿದ್ದವು. ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಕಂಪನಿಗಳು ದುಡ್ಡು ಹಾಕಿ ಮಾಡಿಸಿ ಶಾಲೆ, ಕಾರ್ಖಾನೆಗಳಲ್ಲಿ ತೋರಿಸಿದಂಥವು. ಗುಂಡುಗುಂಡಾದ ಒಬ್ಬ ಮಾಮ ಬಂದು, ಖಾಸಗಿ ಉದ್ಯಮ ಇಲ್ಲದಿದ್ದರೆ ಫ್ರಿಜ್ಜೂ ಇಲ್ಲ, ಕಾರೂ ಇಲ್ಲ ಎಂದು ನಗುನಗುತ್ತಾ ಹೆದರಿಸಿ ಹೋಗುತ್ತಾನೆ.

"ನಮ್ಮ ವಾರ್ಷಿಕೋತ್ಸವಕ್ಕೆ ಸೇಮ್ ಟು ಸೇಮ್ ಬೇಕು, ಲೀಲಾಧರ್‌ಜೀ. ಪೈಪೋಟಿಯಿಂದಲೇ ಪ್ರಗತಿ, ಬಸ್, ಅಷ್ಟೇ!"

ಲೀಲಾಧರರಿಗೆ ಗೊತ್ತಿದ್ದ ಪೈಪೋಟಿ ಒಂದೇ. ಡೊಂಬಿವಲಿಯಲ್ಲಿ ಅಪ್ಪ ಪುಂಡರೀಕಾಕ್ಷರ ಹೋಟೆಲು, ಎದುರಿಗೆ ಜಯಶೀಲರದ್ದು. ಅದನ್ನೇ ಚಿತ್ರವಾಗಿ ಬರೆದರು. ಒಬ್ಬರು ಎರಡು ಬಗೆ ಚಟ್ನಿ ಇಟ್ಟರೆ ಇನ್ನೊಬ್ಬರು ಮೂರು. ಗಿರಾಕಿಯ ಹೊಟ್ಟೆ ತಂಪು. ಆದರೆ ಜಯಶೀಲರ ಗ್ರೈಂಡರ್ ಕೆಟ್ಟ ದಿನ ಅಪ್ಪ ಇಡ್ಲಿ ಹಿಟ್ಟು ಕಳಿಸಿದ್ದನ್ನೂ ಬರೆದುಬಿಟ್ಟರು. ದೊಡ್ಡ ಸ್ಟೀಲ್ ಪಾತ್ರೆ ರಸ್ತೆ ದಾಟಿತು. ವಾಪಸು ಬರಲೆಂದು ಅದರ ಮೇಲೆ ಕೊರೆಸಿದ್ದ ಅಪ್ಪನ ಹೆಸರೂ ಜೊತೆಗೇ ದಾಟಿತು.

ನೋಡಿದ ಪೃಥ್ವಿರಾಜ್ ಕುರ್ಚಿಯಿಂದ ಎದ್ದರು. "ಏನ್ರೀ ಇದು? ಕಾಂಪಿಟಿಷನ್ ಕೇಳಿದ್ರೆ ಭಾಯಿಚಾರಾ, ಅಣ್ಣತಮ್ಮಂದಿರ ಪ್ರೀತಿ ಕೊಡ್ತೀರಲ್ಲ! ಎದುರಿನವನಿಗೆ ಮಾಲು ಕಳ್ಸೋದಾ?"

"ಹೋಟೆಲ್ ಲೈನಲ್ಲಿ ಹಾಗೇ ಸರ್. ಗ್ರೈಂಡರ್ ಕೆಟ್ಟು ಅವರ ಬಾಗಿಲು ಮುಚ್ಚಿದ್ರೆ, ಅದು ನಾವು ಗೆದ್ದ ಹಾಗಲ್ಲ."

"ಹಿಟ್ಟು ತೆಗೀರಿ. ಇಲ್ಲಾಂದ್ರೆ ನಿಮ್ಮ ಹೆಸರು ತೆಗೀತೀವಿ."

ಎರಡು ದಿನ ಯೋಚಿಸಿ ಲೀಲಾಧರರು ಹಿಟ್ಟಿನ ದೃಶ್ಯ ಕತ್ತರಿಸಿದರು. ಇಪ್ಪತ್ತೆರಡು ವರ್ಷ ಎಂದರೆ ಕಡಿಮೆಯಲ್ಲ. ಕೊನೆಯ ದೃಶ್ಯದಲ್ಲಿ ಜಯಶೀಲರ ಕೌಂಟರಿನ ಪಕ್ಕ ಬರೆದಿದ್ದ ಪಾತ್ರೆಯನ್ನು ಅಳಿಸಲು ಯಾರೂ ಹೇಳಿರಲಿಲ್ಲ, ಅವರೂ ಅಳಿಸಲಿಲ್ಲ.

ವಾರ್ಷಿಕೋತ್ಸವದಲ್ಲಿ ಎಂಬತ್ತು ದಾಟಿದ ಅಪ್ಪನನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಮಗನ ಹೆಸರು ಸಣ್ಣ ಅಕ್ಷರದಲ್ಲಿ ಬಂದು, ಅಪ್ಪ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಹೋಯಿತು. ಕೊನೆಯ ದೃಶ್ಯ ಬಂದಾಗ ಮಾತ್ರ ಅವರು ಮಗನ ಮೊಣಕೈ ಗಟ್ಟಿಯಾಗಿ ಹಿಡಿದರು.

"ಅದಾ, ನಮ್ಮ ಪಾತ್ರೆ! ಹೆಸರು ಸಮೇತ ಉಂಟು. ಆ ಜಯಶೀಲ ಇನ್ನೂ ವಾಪಸ್ ಕೊಡ್ಲಿಲ್ಲ, ಮಾರಾಯ!"