ಗಂಡಿನ ರಕ್ತ ಕೇಳಿದ ಡಾಕ್ಟರಮ್ಮ

ಅಗ್ರಹಾರದ ನಮ್ಮ ಬೀದಿಯಲ್ಲಿ, ಹೆಂಡತಿ ಸತ್ತ ಮನೆಗೆ ಆಕೆಯ ತಂಗಿಯನ್ನೇ ತಂದುಕೊಳ್ಳುವುದು ಯಾರೂ ಹುಬ್ಬೇರಿಸದ ಪದ್ಧತಿಯಾಗಿತ್ತು. ಅಳಿಯ ಗೊತ್ತಿರುವವನು, ಕೊಟ್ಟ ಒಡವೆ ಪಾತ್ರೆಗಳು ಅಲ್ಲಿಯೇ ಇವೆ, ಇನ್ನೊಬ್ಬ ಮಗಳನ್ನು ಕಳಿಸಿದರೆ ಸಂಸಾರ ನಿಂತಲ್ಲಿಂದ ಮುಂದುವರಿಯುತ್ತದೆ ಎಂಬುದು ಹಿರಿಯರ ತರ್ಕ. ನಮ್ಮ ಎದುರುಮನೆಯ ಸೊಸೆ ಮೂರನೆಯ ಹೆರಿಗೆಯಲ್ಲಿ ತೀರಿಕೊಂಡ ಮೇಲೆ, ವರ್ಷಾಂತಿಕಕ್ಕೂ ಮೊದಲೇ ಆ ತರ್ಕವು ಪಕ್ಕದ ಬೀದಿಯ ತವರಿನಲ್ಲಿದ್ದ ತಂಗಿಯ ಕಡೆಗೆ ತಿರುಗಿತು. ಹುಡುಗಿ ನನ್ನ ಶಾಲೆಯಲ್ಲಿ ಓದಿದವಳು. ಪಾಠದ ನಡುವೆ ಎದ್ದು ನಿಂತು ಪ್ರಶ್ನೆ ಕೇಳುವ ಅಭ್ಯಾಸವಿದ್ದ ಕೆಲವೇ ಮಕ್ಕಳಲ್ಲಿ ಒಬ್ಬಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ, ಡಾಕ್ಟರಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ, ಬೀದಿಯ ಕಡೆಯ ಹಜಾರವೇ ಅವರ ಷಾಪು. ವೈದ್ಯರ ಚಿಕಿತ್ಸಾಲಯವನ್ನು ಆಗ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಹಗಲು ರೋಗಿಗಳನ್ನು ನೋಡುತ್ತಿದ್ದರು, ಬಿಡುವಾದಾಗ ವಾರಪತ್ರಿಕೆಗೆ ಕಥೆ ಬರೆಯುತ್ತಿದ್ದರು, ಹೆಂಗಸರ ಸಭೆಗಳಲ್ಲಿ ಎದ್ದು ನಿಂತು ವಾದಿಸುತ್ತಿದ್ದರು. ಅವರ ಅಕ್ಷರ ಔಷಧದ ಚೀಟಿಯ ಅಕ್ಷರ. ಅಚ್ಚಿಗೆ ಹೋಗುವ ಪ್ರತಿಯನ್ನು ನಾನೇ ತಿದ್ದಿ ಬರೆದುಕೊಡುತ್ತಿದ್ದೆ.

"ಈ ವಾಕ್ಯಕ್ಕೆ ಕರ್ತೃವೇ ಇಲ್ಲವಲ್ಲ" ಎಂದು ಒಮ್ಮೆ ಆಕ್ಷೇಪಿಸಿದೆ.

"ತಲೆ ತಪ್ಪಿಸ್ಕೊಂಡಿದಾನೆ ಮೇಷ್ಟ್ರಮ್ಮ. ಅವನನ್ನ ಹುಡುಕೋದೇ ಕಥೆ" ಎಂದರು.

ಅವರ ದೊಡ್ಡ ವಾದ ಒಂದೇ ಆಗಿತ್ತು: ಮದುವೆಗೆ ಮುಂಚೆ ಜಾತಕ ನೋಡಿಸುವವರು ಗಂಡಿನ ರಕ್ತವನ್ನೂ ನೋಡಿಸಬೇಕು. ಸಭೆಯಲ್ಲಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬೀದಿಯ ಗಂಡಸರು ಜಗಲಿಯ ಮೇಲೆ ನಕ್ಕರು. "ಇವತ್ತು ರಕ್ತ ಕೇಳ್ತಾರೆ, ನಾಳೆ ಮಾಂಸಾನೂ ಕೇಳ್ತಾರೆ ಕಣ್ರೀ. ಬೀಗರೂಟಕ್ಕೆ ಹುಷಾರಾಗಿರಿ!" ಎಂಬ ಮಾತು ಷಾಪಿನ ಒಳಗೂ ಕೇಳಿಸುವಂತೆ ಬರುತ್ತಿತ್ತು.

ನಾನು ಆಮೇಲೆ ತಿಳಿದದ್ದೊಂದನ್ನು, ಕ್ರಮ ತಪ್ಪಬಾರದೆಂದು, ಇಲ್ಲಿಯೇ ಹೇಳುತ್ತೇನೆ. ಎದುರುಮನೆಯ ಸೊಸೆಗೆ ಗಂಡನಿಂದ ಅಂಟಿದ ರೋಗವಿತ್ತು. ವೈದ್ಯರು ಸಿಫಿಲಿಸ್ ಎನ್ನುವ, ಬೀದಿಯು ಪರಂಗಿಹುಣ್ಣು ಎನ್ನುವ ರೋಗ. ಹೆತ್ತ ಮಕ್ಕಳಲ್ಲಿ ಒಂದೂ ಉಸಿರಾಡಲಿಲ್ಲ. ಡಾಕ್ಟರಮ್ಮ ಆಕೆಗೆ ಪೆನಿಸಿಲಿನ್ ಕೊಟ್ಟರು. ಆದರೆ ಗಂಡ ಚಿಕಿತ್ಸೆಗೆ ಬರಲಿಲ್ಲವಾದ್ದರಿಂದ ವಾಸಿಯಾದದ್ದು ಮತ್ತೆ ಅಂಟಿತು. ಕೊನೆಯ ಹೆರಿಗೆಗೆ ಮುಂಚೆ ಆಕೆ ಅವರ ಕೈ ಹಿಡಿದು, "ಅಮ್ಮಂಗೆ ಮಾತ್ರ ಹೇಳ್ಬೇಡಿ" ಎಂದು ಭಾಷೆ ತೆಗೆದುಕೊಂಡಿದ್ದಳು. ವೈದ್ಯರಿಗೆ ರೋಗಿಯ ಗುಟ್ಟು ಹೇಗೂ ಕಟ್ಟಳೆ. ಅದರ ಮೇಲೆ ಸಾಯುವವಳಿಗೆ ಕೊಟ್ಟ ಮಾತು.

ಎರಡನೆಯ ಸಂಬಂಧದ ಸುದ್ದಿ ಕಿವಿಗೆ ಬಿದ್ದ ದಿನವೇ ಅವರು ಎದುರುಮನೆಗೆ ಹೋಗಿ, ಬೇರೆ ಯಾರೂ ಇಲ್ಲದಾಗ ಆತನಿಗೆ ಹೇಳಿ ಬಂದರು: ಮದುವೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು, ಸೂಜಿ ಹಾಕಿಸಿಕೊಳ್ಳಿ.

"ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ" ಎಂದನಂತೆ. "ನೀವು ಹೆಂಗಸರ ಡಾಕ್ಟ್ರು. ಹೆಂಗಸರನ್ನ ನೋಡ್ಕೊಳ್ಳಿ."

ಆಗ ಅವರು ಮಾಡಿದ್ದು ಲೇಖಕಿ ಮಾಡಬಹುದಾದ ಕೆಲಸ. ಒಂದು ಕಥೆ ಬರೆದರು. ಊರನ್ನು ಕಡಲ ತೀರಕ್ಕೆ ಸಾಗಿಸಿದರು, ಜಾತಿ ಬದಲಿಸಿದರು, ಗಂಡನನ್ನು ಉಪ್ಪಿನ ವ್ಯಾಪಾರಿಯನ್ನಾಗಿಸಿದರು. ಉಳಿದದ್ದು ಸತ್ತ ಅಕ್ಕ, ಅವಳು ಅಳಿಯನಿಂದಲೇ ಸತ್ತಳೆಂದು ತಿಳಿದೂ ಮದುವೆಗೆ ಹೂವು ಕಟ್ಟುತ್ತಿರುವ ತಾಯಿ, ತಂಗಿ. ಪತ್ರಿಕೆ ಬಂದ ವಾರ ಅಗ್ರಹಾರದ ಮನೆಮನೆಯಲ್ಲಿ ಅದನ್ನು ಓದಿದರು.

ಮುಂದಿನ ವಾರ ಹುಡುಗಿಯ ತಾಯಿ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಷಾಪಿಗೆ ಬಂದರು. ಬೆಂಚಿನ ಮೇಲೆ ಬೇರೆ ರೋಗಿಗಳಿರಲಿಲ್ಲ. ನಾನು ಮೂಲೆಯ ಮೇಜಿನಲ್ಲಿ ಬರೆಯುತ್ತಿದ್ದೆ.

"ಎಂಥ ಕಥೆ ಬರೆದ್ಬಿಟ್ರಿ ಡಾಕ್ಟರಮ್ಮ! ಓದಿಸಿ ಕೇಳಿದೆ. ಅನ್ನ ಸೇರಲಿಲ್ಲ ನಂಗೆ" ಎಂದು ಕಣ್ಣೊರೆಸಿಕೊಂಡರು. "ಬರೋ ತಿಂಗಳು ಚಿಕ್ಕವಳ ಧಾರೆ. ತಪ್ಪಿಸ್ಬಾರ್ದು ನೀವು. ಮೇಡಮ್ಮೂ ಬರ್ಬೇಕು."

ಡಾಕ್ಟರಮ್ಮ ಕುಂಕುಮ ಮುಟ್ಟಲಿಲ್ಲ. "ಆ ಕಥೆಯ ತಾಯಿ ಏನು ಮಾಡ್ಬೇಕಿತ್ತು, ಹೇಳಿ."

"ಅವಳೊಂದು ತಾಯಿಯೇ? ಹೆತ್ತ ಕರುಳು ನೋಡೀ ನೋಡೀ ಬಾವಿಗೆ ತಳ್ಳತ್ಯೇ?"

ಬೀದಿಯಲ್ಲಿ ಹೂವಿನವಳ ಕೂಗು ಹತ್ತಿರ ಬಂದು ದೂರವಾಯಿತು. ಡಾಕ್ಟರಮ್ಮ ಎದ್ದು ಬಾಗಿಲು ಮುಂದೆ ಮಾಡಿ, ಕೊಟ್ಟ ಮಾತನ್ನು ಮುರಿದರು. ರೋಗದ ಹೆಸರು, ಅದು ಬಂದ ದಾರಿ, ಮಕ್ಕಳು ಸತ್ತ ಕಾರಣ, ಎಲ್ಲವನ್ನೂ ಸಣ್ಣ ದನಿಯಲ್ಲಿ ಹೇಳಿದರು.

ತಾಯಿಯ ಕಣ್ಣೀರು ನಿಂತುಹೋಯಿತು. ಅಂಥ ರೋಗವು ಹೆಂಗಸಿನ ನಡತೆಯಿಂದಲೇ ಬರುತ್ತದೆಂದು ಆಕೆ ಬಾಲ್ಯದಿಂದ ಕೇಳಿದ್ದರು. ಆದ್ದರಿಂದ ಆಕೆಗೆ ಕೇಳಿಸಿದ್ದು ಅಳಿಯನ ಮೇಲಿನ ದೂರಲ್ಲ, ಮಗಳ ಮೇಲಿನ ಅಪವಾದ.

"ಸತ್ತೋಳಿಗೆ ಮಸಿ ಬಳೀತೀರಾ?" ಎಂದು ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ನನ್ನ ಮಗಳು ಬೆಂಕಿ ಕಣ್ರೀ, ಬೆಂಕಿ. ನಿಮ್ಮ ನಾಲಿಗೆ ಬಿದ್ದುಹೋಗ!"

ಅಂದಿನಿಂದ ಬೀದಿ ಬದಲಾಯಿತು. ಗಲಾಟೆಯಾಗಿದ್ದರೆ ಎದುರಿಸಬಹುದಿತ್ತು, ಆದದ್ದು ಗಲಾಟೆಯಲ್ಲ. ಬೆಂಚು ಖಾಲಿಯಾಯಿತು. ನಾನು ನಲ್ಲಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಬಿಂದಿಗೆಗೆ ನೀರು ಬೀಳುವ ಸದ್ದು ಮಾತ್ರ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಷಾಪಿನ ಫಲಕದ ಮೇಲೆ ಯಾರೋ ಸಗಣಿ ಮೆತ್ತಿದ್ದರು. ಕೆಲಸದಾಕೆ ಅದನ್ನು ತೊಳೆಯುತ್ತ, "ನಾಕ್ ದಿನ ಎಲ್ಲಾರ ಓಗಿ ಬುಡಿ ಅವ್ವಾರೆ. ಗಾಳಿ ಸರಿಯಿಲ್ಲ" ಎಂದಳು.

"ನಾನು ಹೋದ್ರೆ ಈ ಬಾಗಿಲು ಯಾರು ತೆಗೀತಾರೆ? ನೀನು ಸೂಜಿ ಹಾಕ್ತೀಯೇನೇ?"

"ನಾನ್ ಆಕುದ್ರೆ ಆ ಮನೆಯವ್ನಿಗೆ ದಬ್ಬಣದಲ್ಲೇ ಆಕ್ತೀನಿ, ಬುಡಿ" ಎಂದಳು ಆಕೆ. ಅನೇಕ ದಿನಗಳ ಮೇಲೆ ಡಾಕ್ಟರಮ್ಮ ನಕ್ಕರು.

ಆದರೆ ಆಕೆ ತಂದ ಇನ್ನೊಂದು ಸುದ್ದಿಗೆ ಯಾರೂ ನಗಲಿಲ್ಲ. ಮುಹೂರ್ತವನ್ನು ಹಿಂದಕ್ಕೆಳೆದಿದ್ದರು, ಮದುವೆ ಅದೇ ವಾರ.

ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಇಡೀ ಬೀದಿ ನೋಡುತ್ತಿರುವಾಗ, ಹುಡುಗಿ ಒಬ್ಬಳೇ ನಡೆದು ಬಂದು ಷಾಪಿನ ಬೆಂಚಿನ ಮೇಲೆ ಕುಳಿತಳು. ಕೈಯಲ್ಲಿ ಆಗಲೇ ಮದುವೆಯ ಹಸಿರು ಬಳೆಗಳಿದ್ದವು.

"ಅಮ್ಮ ನಿಮ್ಮನ್ನ ಏನಂತ ಬಯ್ತಾಳೋ ಅಷ್ಟನ್ನೂ ಕೇಳಿಸ್ಕೊಂಡೆ ಡಾಕ್ಟರಮ್ಮ. ನಿಜವೇ?"

"ನಿಜ."

"ವಾಸಿಯಾಗತ್ಯೇ?"

"ಸೂಜಿ ಹಾಕಿಸ್ಕೊಂಡ್ರೆ ಆಗತ್ತೆ."

"ಹಾಗಾದ್ರೆ ಭಾವ ಯಾಕೆ ಹಾಕಿಸ್ಕೊಳ್ಳಲ್ಲ?"

"ಹಾಕಿಸ್ಕೊಂಡ್ರೆ ಇದೆ ಅಂತ ಒಪ್ಪಿದ ಹಾಗಲ್ವೇನಮ್ಮ."

ಹುಡುಗಿ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯ ತಂದೆ ಬಂದರು. ಹಿಂದೆಯೇ, ಎದುರುಮನೆಯಿಂದ ಇಳಿದು ಆತನೂ ಬಂದನು. ಹೊಸ್ತಿಲಾಚೆ ಬೀದಿಯ ಜನ ಗುಂಪುಗೂಡಿದರು. ಬಾಗಿಲಿನ ಬೆಳಕು ಕಡಿಮೆಯಾದದ್ದರಿಂದ ನನಗೆ ಅದು ತಿಳಿಯಿತು.

"ಏಳೇ, ಮಾನಗೇಡಿ. ನಡಿ ಮನೆಗೆ" ಎಂದರು ತಂದೆ.

"ಭಾವ ಇಲ್ಲಿ ಕೂತು ರಕ್ತ ಕೊಡ್ಲಿ ಅಪ್ಪ. ಏನೂ ಇಲ್ಲ ಅಂತ ಬಂದ್ರೆ ಅದೇ ಮುಹೂರ್ತಕ್ಕೆ ತಾಳಿ ಕಟ್ಟಿಸ್ಕೋತೀನಿ. ಇದೆ ಅಂತ ಬಂದ್ರೆ ವಾಸಿಮಾಡ್ಕೊಂಡು ಬರ್ಲಿ. ಅಷ್ಟೇ."

ಆತ ನಕ್ಕನು. "ಹೆಣ್ಣು ಷರತ್ತು ಹಾಕೋ ಕಾಲ ಬಂತೇ ಮಾವ? ಚೆನ್ನಾಗಿ ಬೆಳೆಸಿದೀರಿ."

ತಂದೆ ಮಗಳ ತೋಳಿಗೆ ಕೈ ಚಾಚಿದವರು, ಅಳಿಯನ ಮುಖ ನೋಡಿ, ಕೈಯನ್ನು ಅಲ್ಲಿಯೇ ತಡೆದರು. ಬಹಳ ಮೆಲ್ಲಗೆ, ಬೇಡುವವರಂತೆ ಹೇಳಿದರು: "ಒಂದು ಸೂಜಿ ಚುಚ್ಚೋದು ತಾನೇ ಅಳಿಯಂದಿರೆ. ಕೊಟ್ಬಿಡಿ. ಜನರ ಬಾಯಿ ಮುಚ್ಚತ್ತೆ."

ಆತ ಉತ್ತರೀಯವನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡು, ಜನರ ನಡುವೆ ದಾರಿ ಬಿಡಿಸಿಕೊಂಡು ಹೊರಟುಹೋದನು. ಎದುರುಮನೆಯ ಬಾಗಿಲು ಹಾಕಿಕೊಂಡ ಸದ್ದು ನಮ್ಮೆಲ್ಲರಿಗೂ ಕೇಳಿಸಿತು. ಮಗಳನ್ನು ಎಳೆದೊಯ್ಯಲು ಬಂದಿದ್ದ ಆ ತಂದೆ ಆಕೆಯ ಪಕ್ಕದಲ್ಲಿಯೇ ಬೆಂಚಿನ ಮೇಲೆ ಕುಸಿದು ಕುಳಿತರು. "ಹಿರಿಯೋಳನ್ನ ಕಳಿಸುವಾಗ ನಾನು ಏನೂ ಕೇಳಲಿಲ್ಲವಲ್ಲ" ಎಂದು ಮಾತ್ರ ಅಂದರು, ಯಾರಿಗೆಂದು ಇಲ್ಲದೆ.

ಮದುವೆ ನಿಂತಿತು. ತಾಯಿ ಡಾಕ್ಟರಮ್ಮನವರೊಡನೆ ಮತ್ತೆಂದೂ ಮಾತನಾಡಲಿಲ್ಲ. ಹುಡುಗಿಗೆ "ಷರತ್ತಿನವಳು" ಎಂಬ ಹೆಸರು ಅಂಟಿ, ಸಂಬಂಧಗಳು ಬರುವುದು ನಿಂತುಹೋಯಿತು. ಅವಳು ಮತ್ತೆ ಓದಲು ಕುಳಿತಳು. ಇಲ್ಲಿಗೆ ಮುಗಿದಿದ್ದರೆ ಗೆದ್ದೆವೆನ್ನಬಹುದಿತ್ತು.

ಮಳೆಗಾಲ ಕಳೆದ ಮೇಲೆ ಎದುರುಮನೆಗೆ ಹೊಸ ಹೆಣ್ಣು ಬಂದಿತು. ಇಲವಾಲದಿಂದಲೂ ಆಚೆ, ಹುಣಸೂರಿನ ರಸ್ತೆಯಲ್ಲಿ ಎಲ್ಲಿಯೋ ತವರಂತೆ. ಆ ಊರಿಗೆ ವಾರಪತ್ರಿಕೆ ಹೋಗುತ್ತಿರಲಿಲ್ಲ, ಅಗ್ರಹಾರದ ಮಾತೂ ಮುಟ್ಟಿರಲಿಲ್ಲ. ಡಾಕ್ಟರಮ್ಮ ಆ ತವರನ್ನು ಹುಡುಕಲು ಮಾಡಿದ ಪ್ರಯತ್ನಗಳೆಲ್ಲವೂ ಮದುವೆಯಾದ ಮೇಲಿನವು, ಏಕೆಂದರೆ ಈ ಬಾರಿ ಯಾರೂ ಮುಂಚೆ ಸುದ್ದಿ ತರಲಿಲ್ಲ. ಹೊಸದಾಗಿ ಬಂದ ಈ ಹುಡುಗಿ ನಮ್ಮ ಶಾಲೆಯ ಮಕ್ಕಳಿಗಿಂತ ಅಷ್ಟೇನೂ ದೊಡ್ಡವಳಲ್ಲ. ನೀರಿಗೆ ಬರುವಾಗ ಅತ್ತೆ ಅವಳ ಎಡಗಡೆಗೆ, ನಮ್ಮ ಬಾಗಿಲಿಗೂ ಅವಳಿಗೂ ನಡುವೆ, ನಡೆಯುತ್ತಿದ್ದರು. ಮೂರನೆಯ ತಿಂಗಳಿಗೆ ಆ ಹುಡುಗಿಯ ನಡಿಗೆ ನಿಧಾನವಾಯಿತು. ನಲ್ಲಿಯ ಕಟ್ಟೆಯ ಮೇಲೆ ಕೈಯೂರಿ ವಾಂತಿ ಮಾಡಿಕೊಳ್ಳುವುದನ್ನು ನಾನು ಮಹಡಿಯ ಕಿಟಕಿಯಿಂದ ಕಂಡೆ.

ಡಾಕ್ಟರಮ್ಮ ಕೆಳಗಿನಿಂದ ಅದನ್ನು ಕಂಡಿದ್ದರು. ಅಂದಿನಿಂದ ಬೆಳಿಗ್ಗೆ ನಲ್ಲಿಯ ಹೊತ್ತಿಗೆ ಸ್ಪಿರಿಟ್ ಸ್ಟೌವಿನ ಮೇಲೆ ಸಿರಿಂಜನ್ನು ಕುದಿಸಿ, ಪೆನಿಸಿಲಿನ್ ಸೀಸೆಯನ್ನು ಪಕ್ಕದಲ್ಲಿಟ್ಟುಕೊಂಡು, ಬಾಗಿಲಿನ ಎರಡೂ ಕದಗಳನ್ನು ತೆರೆದು, ಬೀದಿಗೆ ಕಾಣುವಂತೆ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳತೊಡಗಿದರು. ಹುಡುಗಿ ಒಂದೆರಡು ಸಲ ತಲೆಯೆತ್ತಿ ಒಳಗೆ ನೋಡಿದಳು. ಅತ್ತೆ ಮೊಣಕೈಯಿಂದ ತಿವಿದು ಮುಂದೆ ನಡೆಸಿದರು.